ಪ್ಯಾಕೆಟ್ ಹಿಡಿಯುವ ಕೈಗೆ ಬೇರೆ ಕೆಲಸ ಹೇಳಬೇಡಿ

ಸಿದ್ದಾಪುರದ ಹತ್ತಿರ ಚಿಕ್ಕಪ್ಪನ ತೋಟ. ಕೊಯ್ಲಿನ ದಿನಗಳಲ್ಲಿ ಕಣ ಕಾಯಲು ಹಾಕಿಸಿದ ಕ್ಯಾಮೆರಾಗಳಲ್ಲಿ ಒಂದರ ಚಿತ್ರ ಸಂಜೆಯಾದರೆ ತುಂಡುತುಂಡಾಗುತ್ತಿತ್ತು. ಸ್ವಿಚ್ಚಿನ ಮಿರರ್ ಪೋರ್ಟಿಗೆ, ಅಂದರೆ ಲೈನಿನಲ್ಲಿ ಹೋಗಿಬರುವುದರ ನಕಲು ಸಿಗುವ ಕಿಂಡಿಗೆ, ಹಳೆಯ ಲ್ಯಾಪ್‌ಟಾಪ್ ಸಿಕ್ಕಿಸಿ ಟಿಸಿಪಿಡಂಪ್ ಓಡಿಸಿದೆ. ನೆಟ್‌ವರ್ಕಿನಲ್ಲಿ ಓಡುವ ಮಾಹಿತಿಯ ತುಣುಕುಗಳನ್ನು, ಅಂದರೆ ಪ್ಯಾಕೆಟ್‌ಗಳನ್ನು, ಹಿಡಿದಿಡುವ ಪ್ರೋಗ್ರಾಂ ಅದು. ನಿಲ್ಲಿಸಿದಾಗ ನೋಡಿದರೆ, ಹಿಡಿದದ್ದಕ್ಕಿಂತ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಕೈಬಿಟ್ಟ ಪ್ಯಾಕೆಟ್‌ಗಳೇ ಹೆಚ್ಚು. ಒಂದು ಸಾಲದಿದ್ದರೆ ಎರಡಿರಲಿ ಎಂದು ಇನ್ನೊಂದು ಟಿಸಿಪಿಡಂಪನ್ನೂ ಹಚ್ಚಿದೆ. ಕೈಬಿಟ್ಟ ಲೆಕ್ಕ ಮತ್ತಷ್ಟು ಏರಿತು.

ತಪ್ಪು ನನ್ನದೇ. ಎರಡು ಟಿಸಿಪಿಡಂಪ್‌ಗಳು ಕೆಲಸವನ್ನು ಹಂಚಿಕೊಳ್ಳುವುದಿಲ್ಲ. ಪ್ರತಿ ಪ್ಯಾಕೆಟ್ಟಿನ ಒಂದೊಂದು ಪ್ರತಿ ಎರಡಕ್ಕೂ ಹೋಗುತ್ತದೆ. ಇಬ್ಬರು ಆಳುಗಳು ಅರ್ಧರ್ಧ ತೋಟ ಕುಯ್ಯುವ ಬದಲು, ಇಬ್ಬರೂ ಇಡೀ ತೋಟ ಸುತ್ತಿದ ಹಾಗೆ. ಅದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿತ್ತು. ಫಲಿತಾಂಶವನ್ನು ಪರದೆಯ ಮೇಲೆ ಮುದ್ರಿಸುತ್ತಿದ್ದ ಟಿಸಿಪಿಡಂಪ್, ಕಂಡ ಪ್ರತಿ ಹೊಸ ಐಪಿ ವಿಳಾಸಕ್ಕೂ ಡಿಎನ್‌ಎಸ್‌ನಲ್ಲಿ (ಇಂಟರ್ನೆಟ್ಟಿನ ಹೆಸರು-ವಿಳಾಸಗಳ ಪಟ್ಟಿ) ಹೆಸರು ಕೇಳುತ್ತಿತ್ತು. ಅಕಾಲ ಮಳೆಗೆ ಇಂಟರ್ನೆಟ್ ಲೈನ್ ಸತ್ತಿದ್ದರಿಂದ ಉತ್ತರ ಬರುತ್ತಿರಲಿಲ್ಲ. ಅದು ಸೆಕೆಂಡುಗಟ್ಟಲೆ ಕಾಯುವಾಗ ಪ್ಯಾಕೆಟ್‌ಗಳನ್ನು ತಾತ್ಕಾಲಿಕವಾಗಿ ಇಡುವ ಮೆಮೊರಿ, ಅಂದರೆ ಬಫರ್, ತುಂಬಿ ಚೆಲ್ಲುತ್ತಿತ್ತು.

ಆದ್ದರಿಂದ ಕೆಲಸವನ್ನು ಥ್ರೆಡ್ಡುಗಳಿಗೆ, ಅಂದರೆ ಒಂದೇ ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ಸಾಗುವ ಎಳೆಗಳಿಗೆ, ಹಂಚುವ ಮಾತಿಗೆ ಮೊದಲು ಒಂದೇ ಪ್ರಕ್ರಿಯೆಯ (ಓಡುತ್ತಿರುವ ಒಂದು ಪ್ರೋಗ್ರಾಮಿನ) ಹೊರೆ ಇಳಿಸಿ. ‘ಡಬ್ಲ್ಯೂ’ ಆಯ್ಕೆ ಕೊಟ್ಟು ನೇರವಾಗಿ ಫೈಲಿಗೆ ಬರೆಸಿ. ಪರದೆಯಲ್ಲೇ ನೋಡಬೇಕೆಂದಿದ್ದರೆ ‘ಎನ್’ ಹಾಕಿ, ಹೆಸರು ಕೇಳುವುದು ನಿಲ್ಲುತ್ತದೆ. ಪ್ಯಾಕೆಟ್ಟಿನ ಹೆಡರ್ (ವಿಳಾಸ ಹೊತ್ತ ತಲೆಭಾಗ) ಮಾತ್ರ ಸಾಕೆಂದರೆ ‘ಎಸ್ 128’. ಲಿನಕ್ಸಿನಲ್ಲಿ ಹಿಡಿಯುವ ಬಫರ್ ತಾನಾಗಿ ಸಿಗುವುದು 2 ಎಂಬಿ. ದೊಡ್ಡಕ್ಷರದ ‘ಬಿ 65536’ ಎಂದರೆ 64 ಎಂಬಿ ಆಗುತ್ತದೆ. ಸಣ್ಣ ನೆಟ್‌ವರ್ಕಿನಲ್ಲಿ ಬಹುಪಾಲು ಕಾಯಿಲೆ ಇಷ್ಟಕ್ಕೇ ವಾಸಿ.

ವಾಸಿಯಾಗದಿದ್ದರೆ ಲೆಕ್ಕ ಹಾಕಿ. 1 ಗಿಗಾಬಿಟ್ ಲೈನ್ ಪೂರ್ತಿ ತುಂಬಿದರೆ ಸೆಕೆಂಡಿಗೆ ಸುಮಾರು 125 ಎಂಬಿ, ಹಳೆಯ ಹಾರ್ಡ್ ಡಿಸ್ಕ್ ತಿಣುಕುವ ವೇಗ. ಅತಿ ಸಣ್ಣ ಪ್ಯಾಕೆಟ್‌ಗಳಾದರೆ ಸೆಕೆಂಡಿಗೆ 14.88 ಲಕ್ಷ. ಹಿಡಿಯುವುದು, ಬರೆಯುವುದು, ಬಿಡಿಸಿ ನೋಡುವುದು ಮೂರನ್ನೂ ಒಂದೇ ಥ್ರೆಡ್ ಮಾಡಹೊರಟರೆ ಡಿಸ್ಕ್ ಒಮ್ಮೆ ತಡವರಿಸಿದರೂ ಹಿಡಿಯುವ ಕೈ ನಿಂತುಬಿಡುತ್ತದೆ.

ತೋಟದಲ್ಲಿ ಹಣ್ಣು ಕುಯ್ಯುವವರೇ ತೂಕ ಹಾಕಿ ಪುಸ್ತಕ ಬರೆಯುವುದಿಲ್ಲ, ಅದಕ್ಕೆ ರೈಟರ್ ಇರುತ್ತಾರೆ. ಪ್ರೋಗ್ರಾಂ ಬರೆಯುವವರು ಇದೇ ಪದ್ಧತಿ ಹಿಡಿಯಬೇಕು. ಒಂದು ಥ್ರೆಡ್ ನೆಟ್‌ವರ್ಕ್ ಕಾರ್ಡಿನಿಂದ ಬಂದದ್ದನ್ನು ಎತ್ತಿ ನಿಗದಿತ ಗಾತ್ರದ ಸರದಿಗೆ ಹಾಕುತ್ತದೆ, ಅಷ್ಟೆ. ಇನ್ನೊಂದು ಅಲ್ಲಿಂದ ತೆಗೆದು ಡಿಸ್ಕಿಗೆ ದೊಡ್ಡ ದೊಡ್ಡ ಕಂತುಗಳಲ್ಲಿ ಬರೆಯುತ್ತದೆ. ಸರದಿ ತುಂಬಿದರೆ ಹಿಡಿಯುವವನು ಕಾಯಕೂಡದು. ಪ್ಯಾಕೆಟ್ ಬಿಟ್ಟು, ಬಿಟ್ಟದ್ದನ್ನು ಎಣಿಸಿಡಬೇಕು. ಈ ಎಣಿಕೆ ಇಲ್ಲದ ಸಾಫ್ಟ್‌ವೇರನ್ನು ನಾನು ನಂಬುವುದಿಲ್ಲ.

ಥ್ರೆಡ್ಡೋ ಪ್ರಕ್ರಿಯೆಯೋ? ಹಿಡಿಯುವವನಿಗೂ ಬರೆಯುವವನಿಗೂ ಒಂದೇ ಮೆಮೊರಿ ಬೇಕು, ಅಲ್ಲಿ ಥ್ರೆಡ್ ಹಗುರ. ಪ್ಯಾಕೆಟ್ ಬಿಡಿಸಿ ಅರ್ಥ ಹೇಳುವ ಕೆಲಸ ಬೇರೆ ಪ್ರಕ್ರಿಯೆಯಲ್ಲಿರಲಿ. ವಕ್ರ ಪ್ಯಾಕೆಟ್ಟೊಂದು ಅದನ್ನು ಕೆಡವಿದರೂ ಹಿಡಿಯುವುದು ನಡೆಯುತ್ತಿರುತ್ತದೆ. ಪ್ಯಾಕೆಟ್ ಬಿಡಿಸಿ ತೋರಿಸುವ ವೈರ್‌ಶಾರ್ಕ್ ಪ್ರೋಗ್ರಾಂ ಮಾಡಿರುವುದೂ ಇದನ್ನೇ: ಹಿಡಿಯುವುದು ಡಂಪ್‌ಕ್ಯಾಪ್ ಎಂಬ ಪುಟ್ಟ ಪ್ರತ್ಯೇಕ ಪ್ರೋಗ್ರಾಂ. ವಿಶೇಷ ಅನುಮತಿ ಅದಕ್ಕೊಂದಕ್ಕೇ ಸಾಕು, ಇಡೀ ವೈರ್‌ಶಾರ್ಕನ್ನು ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಓಡಿಸಬೇಕಿಲ್ಲ. ಪೈಥಾನಿನಲ್ಲಿ ಬರೆಯುವವರು ಇನ್ನೊಂದು ಮಾತು ನೆನಪಿಡಿ: ಅದರ ಸಾಮಾನ್ಯ ಆವೃತ್ತಿಯಲ್ಲಿ ಒಂದೇ ಬೀಗ ಎಲ್ಲ ಥ್ರೆಡ್ಡುಗಳನ್ನೂ ಹಿಡಿದಿಡುವುದರಿಂದ ಲೆಕ್ಕಾಚಾರದ ಕೆಲಸಕ್ಕೆ ಪ್ರಕ್ರಿಯೆಗಳೇ ಗತಿ.

ಹಿಡಿಯುವ ಕೈಯೇ ಹಲವು ಬೇಕಾದಾಗ ಮಾತ್ರ ಹಂಚಿಕೆ. ಲಿನಕ್ಸಿನಲ್ಲಿ 2011ರಿಂದ ಪ್ಯಾಕೆಟ್ ಫ್ಯಾನ್‌ಔಟ್ ಇದೆ. ಹಲವು ಸಾಕೆಟ್‌ಗಳನ್ನು (ಪ್ರೋಗ್ರಾಂ ಕರ್ನಲ್‌ನಿಂದ ಪ್ಯಾಕೆಟ್ ಪಡೆಯುವ ಬಾಗಿಲು) ಒಂದು ಗುಂಪಿಗೆ ಸೇರಿಸಿದರೆ ಕರ್ನಲ್ ಪ್ರತಿ ಪ್ಯಾಕೆಟ್ಟನ್ನು ಅವುಗಳಲ್ಲಿ ಒಂದಕ್ಕೆ ಕೊಡುತ್ತದೆ. ವಿಳಾಸಗಳಿಂದ ಲೆಕ್ಕ ಹಾಕಿ ಹಂಚುವ ಹ್ಯಾಶ್ ವಿಧಾನ ಆರಿಸಿ. ಒಂದು ಸಂಪರ್ಕದ ಪ್ಯಾಕೆಟ್‌ಗಳು ಒಂದೇ ಕೈಗೆ ಬೀಳುತ್ತವೆ. ಸರದಿಯ ಪ್ರಕಾರ ಹಂಚುವ ವಿಧಾನ ನೋಡಲು ನ್ಯಾಯವಾಗಿದ್ದರೂ ಒಂದೇ ಸಂಭಾಷಣೆಯನ್ನು ನಾಲ್ಕು ಜನರ ಕಿವಿಗೆ ಚದುರಿಸುತ್ತದೆ. ಪ್ಯಾಕೆಟ್ ಹಿಡಿಯುವ ಲೈಬ್ರರಿಯಾದ ಲಿಬ್‌ಪಿಕ್ಯಾಪ್ ಬಳಸುವವರು ಪ್ರತಿ ಥ್ರೆಡ್ಡಿಗೂ ಅದರದೇ ಹ್ಯಾಂಡಲ್ (ಹಿಡಿಯುವ ಕೊಂಡಿ) ತೆರೆಯಿರಿ. ಒಂದನ್ನೇ ಹಲವರು ಎಳೆದಾಡಬಾರದು.

ಪ್ರೋಗ್ರಾಂ ಬರೆಯಲಾರೆ ಎನ್ನುವವರಿಗೂ ದಾರಿ ಇದೆ. ಎರಡು ಟಿಸಿಪಿಡಂಪ್ ಓಡಿಸಿ, ಒಂದಕ್ಕೆ ಯುಡಿಪಿ (ಪ್ಯಾಕೆಟ್ ಕಳಿಸುವ ಪದ್ಧತಿಗಳಲ್ಲಿ ಒಂದು), ಇನ್ನೊಂದಕ್ಕೆ ಯುಡಿಪಿ ಅಲ್ಲದ್ದು ಎಂದು ಫಿಲ್ಟರ್ ಕೊಡಿ. ಟಾಸ್ಕ್‌ಸೆಟ್ ಎಂಬ ಆಜ್ಞೆಯಿಂದ ಎರಡನ್ನೂ ಬೇರೆ ಬೇರೆ ಸಿಪಿಯು ಕೋರಿಗೆ ಕಟ್ಟಿ. ಆಮೇಲೆ ಮರ್ಜ್‌ಕ್ಯಾಪ್ ಎಂಬ ಪ್ರೋಗ್ರಾಂ ಎರಡು ಫೈಲುಗಳನ್ನು ಸಮಯದ ಕ್ರಮದಲ್ಲಿ ಹೆಣೆಯುತ್ತದೆ.

ಯಾವ ಥ್ರೆಡ್ಡೂ ಸರಿಪಡಿಸಲಾಗದ ನಷ್ಟವೂ ಒಂದಿದೆ. ಗಿಗಾಬಿಟ್ ಲೈನಿನ ಹೋಗುವ, ಬರುವ ಎರಡೂ ದಿಕ್ಕನ್ನು ಒಂದೇ ಗಿಗಾಬಿಟ್ ಮಿರರ್ ಪೋರ್ಟಿಗೆ ಸುರಿದರೆ ಹೆಚ್ಚಾದದ್ದು ಸ್ವಿಚ್ಚಿನಲ್ಲೇ ಬಿದ್ದುಹೋಗುತ್ತದೆ. ಲ್ಯಾಪ್‌ಟಾಪಿನ ಎಣಿಕೆಯಲ್ಲಿ ಅದು ಕಾಣುವುದೇ ಇಲ್ಲ. ಹಾಗೆಯೇ, ಹೋಂಸ್ಟೇ ಇಟ್ಟವರು ಅತಿಥಿಗಳ ವೈಫೈಯನ್ನು ಹೀಗೆ ಹಿಡಿಯಲು ಹೋಗಬೇಡಿ. ನಿಮ್ಮ ನೆಟ್‌ವರ್ಕ್, ನಿಮ್ಮ ಉಪಕರಣ, ಅಷ್ಟಕ್ಕೇ ಸೀಮಿತವಾಗಿರಲಿ.

ಚಿಕ್ಕಪ್ಪನ ಕ್ಯಾಮೆರಾದ ವಿಷಯಕ್ಕೆ ಬಂದರೆ, ಕೊನೆಗೆ ಒಂದೇ ಟಿಸಿಪಿಡಂಪ್ ಸಾಕಾಯಿತು. ಕೈಬಿಟ್ಟದ್ದು ಸೊನ್ನೆಗೆ ಇಳಿದ ಮೇಲೆ ಫೈಲು ತೆರೆದರೆ, ಆ ಒಂದು ಕ್ಯಾಮೆರಾ ಮಾತ್ರ ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸುತ್ತಿತ್ತು. ಏಣಿ ಇಟ್ಟು ಹತ್ತಿ ನೋಡಿದೆವು. ಕಂಬದ ಮೇಲಿನ ಕನೆಕ್ಟರಿಗೆ ಹಸಿರು ಕಿಲುಬು ಹಿಡಿದಿತ್ತು. ಸಂಜೆ ಮಂಜು ಇಳಿದೊಡನೆ ಅದು ಒದ್ದೆಯಾಗುತ್ತಿತ್ತು.