‘ನಿಮಗೇನು ಬೇಕು?’ ಎಂದು ಕೇಳಬೇಡಿ

ಕೆಲಸದಲ್ಲಿ ಹುರುಪು ಬರಲು ಏನು ಬೇಕೆಂದು ಸಿಬ್ಬಂದಿಯನ್ನು ನೇರವಾಗಿ ಕೇಳಿದರೆ ಸಿಗುವ ಉತ್ತರ ಹೆಚ್ಚಾಗಿ ಒಂದೇ: ಸಂಬಳ. ಅದು ಸುಳ್ಳಲ್ಲ. ಆದರೆ ನಾಳೆ ಬೆಳಿಗ್ಗೆ ಏನನ್ನು ಬದಲಿಸಬೇಕೆಂದು ಅದರಿಂದ ತಿಳಿಯುವುದಿಲ್ಲ. ಹಾಗಾಗಿ ನಾನು ಕೇಳುವುದು ಎರಡೇ ಪ್ರಶ್ನೆ. ಕಳೆದ ಮೂರು ತಿಂಗಳಲ್ಲಿ ಯಾವ ದಿನ ಖುಷಿಯಿಂದ ಮನೆಗೆ ಹೋದಿರಿ? ಯಾವ ದಿನ ಈ ಕೆಲಸವೇ ಸಾಕಪ್ಪಾ ಅನ್ನಿಸಿತು? ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಸುಮಾರು 200 ಎಂಜಿನಿಯರುಗಳು, ಅಕೌಂಟೆಂಟರನ್ನು ಕೇಳಿದ್ದೂ ಇದೇ ಧಾಟಿಯಲ್ಲಿ.

ಒಬ್ಬೊಬ್ಬರಿಗೂ ಅರ್ಧ ಗಂಟೆ, ಇನ್ನೊಬ್ಬರ ಕಿವಿಗೆ ಬೀಳದ ಜಾಗದಲ್ಲಿ. ಇನ್‌ಕ್ರಿಮೆಂಟ್ ಹೊತ್ತಿನಲ್ಲಂತೂ ಬೇಡ, ಎಲ್ಲರೂ ಅಳೆದು ಸುರಿದು ಮಾತಾಡುತ್ತಾರೆ. ಹೇಳಿದ್ದನ್ನು ಅವರ ಮಾತಿನಲ್ಲೇ ಎರಡು ಹಾಳೆಗಳಲ್ಲಿ ಬರೆದುಕೊಳ್ಳುತ್ತೇನೆ. ಬೇಸರದ ಹಾಳೆಯಲ್ಲಿ ತಡವಾದ ಓವರ್‌ಟೈಂ ದುಡ್ಡು, ರಾತ್ರೋರಾತ್ರಿ ಬದಲಾದ ಶಿಫ್ಟ್, ಎಲ್ಲರೆದುರು ತಿಂದ ಬೈಗುಳ. ಖುಷಿಯ ಹಾಳೆಯಲ್ಲಿ ತಾನೇ ಬಿಡಿಸಿದ ತೊಡಕು, ತನ್ನನ್ನು ಕೇಳಿ ಮಾಡಿದ ತೀರ್ಮಾನ.

ಬೇಸರದ ಹಾಳೆ ಮೊದಲು. ಶಿಫ್ಟ್ ಪಟ್ಟಿ ಎರಡು ವಾರ ಮುಂಚೆ ಗೋಡೆಗೆ ಬರಬೇಕು. ನಡುವೆ ಬದಲಿಸಿದರೆ ಕಾರಣವನ್ನು ಪಟ್ಟಿಯ ಮೇಲೇ ಬರೆಯಬೇಕು. ಇದರಿಂದ ಗೊಣಗಾಟ ನಿಲ್ಲುತ್ತದೆ, ಅಷ್ಟೇ. ‘ಇಷ್ಟೆಲ್ಲ ಮಾಡಿದರೂ ಹುರುಪಿಲ್ಲ’ ಎಂದು ಮ್ಯಾನೇಜರುಗಳು ಕೈಚೆಲ್ಲುವುದು ಇಲ್ಲೇ.

ಖುಷಿಯ ಹಾಳೆಗೆ ಕೆಲಸವನ್ನೇ ಮತ್ತೆ ಹೊಲಿಯಬೇಕು. ಗ್ರಾಹಕರ ದೂರನ್ನೇ ನೋಡಿ. ಒಬ್ಬರು ಬರೆದುಕೊಳ್ಳುತ್ತಾರೆ, ಇನ್ನೊಬ್ಬರು ಪರಿಶೀಲಿಸುತ್ತಾರೆ, ಮೂರನೆಯವರು ಉತ್ತರ ಕಳಿಸುತ್ತಾರೆ. ಕೊನೆಗೆ ಸಮಸ್ಯೆ ಬಗೆಹರಿಯಿತೇ ಎನ್ನುವುದು ಮೂವರಿಗೂ ಗೊತ್ತಿರುವುದಿಲ್ಲ. ಆರಂಭದಿಂದ ಮುಕ್ತಾಯದವರೆಗೆ ಒಂದು ದೂರು ಒಬ್ಬರದೇ ಆಗಲಿ. ಜೊತೆಗೆ, ಒಂದು ಮಿತಿಯೊಳಗೆ ಮೇಲಿನವರ ಸಹಿಯಿಲ್ಲದೆ ಹಣ ವಾಪಸು ಮಾಡುವ ಅಧಿಕಾರವೂ ಇರಲಿ. ಹೊಣೆ ಕೊಟ್ಟು ಅಧಿಕಾರ ಬಿಗಿಹಿಡಿದರೆ ಅದು ಬರೀ ಹೊರೆ. ಮೊದಲ ಕೆಲವು ವಾರ ತಪ್ಪುಗಳು ಹೆಚ್ಚುತ್ತವೆ. ಗಾಬರಿಯಾಗಿ ಸಹಿಯ ಪದ್ಧತಿಯನ್ನು ವಾಪಸು ತಂದಿರೋ, ಮುಂದಿನ ಸಲ ನಿಮ್ಮ ಮಾತನ್ನು ಯಾರೂ ನಂಬುವುದಿಲ್ಲ.

ಮುಗಿಸಿದ ದೂರುಗಳ ಲೆಕ್ಕಕ್ಕೆ ಬೋನಸ್ ಕಟ್ಟಲೇಬೇಡಿ: ಬಗೆಹರಿಯದವೂ ಕಡತದಲ್ಲಿ ‘ಮುಕ್ತಾಯ’ವಾಗುತ್ತವೆ. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿಯ 1971ರ ಪ್ರಯೋಗದಲ್ಲಿ, ಒಗಟು ಬಿಡಿಸಲು ಹಣ ಪಡೆದ ವಿದ್ಯಾರ್ಥಿಗಳು ಹಣ ನಿಂತ ಮೇಲೆ ಬಿಡುವಿನಲ್ಲಿ ಅದನ್ನು ಮುಟ್ಟುವುದೂ ಕಡಿಮೆಯಾಯಿತು.

ಎಲ್ಲರಿಗೂ ಹೆಚ್ಚಿನ ಹೊಣೆ ಬೇಕಿರುವುದಿಲ್ಲ. ತಮ್ಮ ಪಾಲಿನ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿ ಹೊತ್ತಿಗೆ ಸರಿಯಾಗಿ ಹೊರಡುವವರು ಸೋಮಾರಿಗಳಲ್ಲ. ಅವರಿಗೆ ಶಿಫ್ಟ್ ಪಟ್ಟಿ ಸರಿಯಿದ್ದರೆ ಸಾಕು.