40 ದಾಟಿದ್ಮೇಲೆ ಹಾಕಿ ಆಡೋದು ಹೇಗೆ, ತಲೆಗೆ ಪೆಟ್ಟು ಬಿದ್ರೆ ಏನ್ ಮಾಡ್ಬೇಕು

ಕೊಡಗಿನ ಕರಡದಲ್ಲಿ 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಚಿಕ್ಕೋರು ವಯಸ್ಸಾದೋರು ಒಂದೇ ಟೀಮಲ್ಲಿ ಆಡ್ತಾರೆ, ಅದೇ ಅದ್ರ ಚಂದ, ಆದ್ರೆ 40 ದಾಟಿದ್ಮೇಲೂ ನಾನೇ ಸೆಂಟರ್ ಫಾರ್ವರ್ಡ್ ಅಂತ ಹಠ ಹಿಡೀಬೇಡಿ. ಡಿಫೆನ್ಸ್‌ಗೆ ಬನ್ನಿ, ಐದೈದು ನಿಮಿಷ ಆಡಿ ಹೊರಗೆ ಕೂತ್ಕೊಳ್ಳಿ, ರೋಲಿಂಗ್ ಸಬ್‌ಸ್ಟಿಟ್ಯೂಷನ್ (ಎಷ್ಟು ಸಲ ಬೇಕಾದ್ರೂ ಹೊರಗೆ ಹೋಗಿ ಮತ್ತೆ ಒಳಗೆ ಬರೋ ರೂಲ್) ಇರೋದ್ಯಾಕೆ ಮತ್ತೆ? ಪೆನಾಲ್ಟಿ ಕಾರ್ನರ್‌ನಲ್ಲಿ ಎದುರಾಳಿ ಹೊಡೆತ ತಡೆಯೋಕೆ ನುಗ್ಗೋ ಕೆಲ್ಸ ಹುಡುಗ್ರಿಗೆ ಬಿಡಿ (ಅವ್ರೂ ಮಾಸ್ಕ್ ಹಾಕ್ಲಿ).

ಈಗ ತಲೆ ವಿಷ್ಯ. ಚೆಂಡೋ ಸ್ಟಿಕ್ಕೋ ಬಡಿದು ತಲೆಸುತ್ತು, ವಾಕರಿಕೆ, ಕಣ್ಣು ಮಂಜಾಗೋದು, ಸ್ಕೋರ್ ಎಷ್ಟು ಅಂತ್ಲೇ ನೆನಪಾಗ್ದೆ ಇರೋದು, ಇದ್ರಲ್ಲಿ ಒಂದಿದ್ರೂ ಅವತ್ತಿನ ಆಟ ಮುಗೀತು, ಪ್ರಜ್ಞೆ ತಪ್ಪಿಲ್ವಲ್ಲ ಅನ್ನೋ ವಾದ ಬೇಡ, ಪ್ರಜ್ಞೆ ತಪ್ಪದೇನೂ ಕನ್ಕಶನ್ (ಪೆಟ್ಟಿಗೆ ಮಿದುಳು ಅಲುಗಿ ಆಗೋ ತೊಂದ್ರೆ) ಆಗುತ್ತೆ. ಪದೇ ಪದೇ ವಾಂತಿ, ಫಿಟ್ಸ್, ಏರ್ತಾನೇ ಇರೋ ತಲೆನೋವು ಅಂದ್ರೆ ಸೀದಾ ಆಸ್ಪತ್ರೆ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ಆರಾಮಾಗಿದ್ದೀನಿ ಅನ್ಸಿದ್ರೂ ಹೋಗ್ಲೇಬೇಕು, ಒಳಗೆ ರಕ್ತಸ್ರಾವದ ಭಯ ಜಾಸ್ತಿ.

ಕನ್ಕಶನ್ ಆದ್ಮೇಲೆ ಒಂದೆರಡು ದಿನ ರೆಸ್ಟ್, ಆಮೇಲೆ ವಾಕಿಂಗ್, ಜಾಗಿಂಗ್, ಒಬ್ರೇ ಸ್ಟಿಕ್ ವರ್ಕ್, ಒಂದೊಂದು ಹಂತಕ್ಕೂ ಕನಿಷ್ಠ ಒಂದು ದಿನ ಕೊಡಿ, ಮ್ಯಾಚ್ ಮಾತ್ರ ಡಾಕ್ಟ್ರು ಸರಿ ಅಂದ್ಮೇಲೇನೇ.