ನಮ್ಮ ಓಟು ಊರಲ್ಲಿದೆ ಎನ್ನುವ ಪೋಷಕರಿಗೆ: ಎಸ್‌ಡಿಎಂಸಿ ಚುನಾವಣೆಯ ಕುರಿತು

ಬೆಂಗಳೂರಿಗೆ ಹೊಸದಾಗಿ ಬಂದ ಅನೇಕ ಕುಟುಂಬಗಳ ಹೆಸರು ಯಾದಗಿರಿ, ರಾಯಚೂರು, ಹಾವೇರಿ ಕಡೆಯ ಮತದಾರರ ಪಟ್ಟಿಯಲ್ಲಿಯೇ ಉಳಿದಿರುತ್ತದೆ. ಹಾಗಾಗಿ "ನಮ್ಮ ಓಟು ಊರಲ್ಲಿದೆ" ಎಂದುಕೊಂಡು ಇಲ್ಲಿನ ಚುನಾವಣೆಗಳಿಂದ ದೂರ ಉಳಿಯುವುದು ಸಹಜ. ಆದರೆ ಮಗುವನ್ನು ಸರ್ಕಾರಿ ಶಾಲೆಗೆ ಸೇರಿಸಿದವರಿಗೆ ಇಲ್ಲಿಯೇ ಇನ್ನೊಂದು ಮತವಿದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಅಂದರೆ ಎಲ್ಲರೂ ಎಸ್‌ಡಿಎಂಸಿ ಎನ್ನುವ ಸಮಿತಿಗೆ, ಪ್ರತಿನಿಧಿಗಳನ್ನು ಆರಿಸುವವರು ಆ ಶಾಲೆಯ ಮಕ್ಕಳ ಪೋಷಕರು. ಅದಕ್ಕೆ ಆಧಾರ ಮಗುವಿನ ದಾಖಲಾತಿಯೇ ಹೊರತು ಮತದಾರರ ಚೀಟಿಯಲ್ಲ.

ಕರ್ನಾಟಕದಲ್ಲಿ ಈ ಸಮಿತಿಗಳು ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇರೆಗೆ 2001ರಲ್ಲಿ ಬಂದವು. ಮುಂದೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಂ ಇಂಥ ಸಮಿತಿಯನ್ನು ದೇಶಕ್ಕೆಲ್ಲ ಕಡ್ಡಾಯಗೊಳಿಸಿತು. ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನವಿರಬೇಕು ಎಂಬುದು ಅದರ ನಿಯಮ. ಅನುದಾನಿತ ಶಾಲೆಗಳಲ್ಲಿ ಸಮಿತಿಯ ಅಧಿಕಾರ ಸಲಹೆಗಷ್ಟೇ ಸೀಮಿತ. ಅನುದಾನರಹಿತ ಖಾಸಗಿ ಶಾಲೆಗಳಿಗೆ ಈ ಕಲಂ ಅನ್ವಯಿಸುವುದಿಲ್ಲ.

ಈ ಮತಕ್ಕೆ ಬೆಲೆ ಬರುವುದು ಹಣದ ವಿಷಯದಲ್ಲಿ. ಶಾಲೆಗೆ ಬರುವ ಅನುದಾನದ ಬಳಕೆಯ ಮೇಲೆ ಕಣ್ಣಿಡುವುದೂ ಶಾಲಾಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದೂ ಸಮಿತಿಯ ಶಾಸನಬದ್ಧ ಕೆಲಸಗಳಾಗಿದ್ದು, ಎಸ್‌ಡಿಎಂಸಿ ಖಾತೆಯನ್ನು ಮುಖ್ಯ ಶಿಕ್ಷಕರು ಮತ್ತು ಅಧ್ಯಕ್ಷರು ಜಂಟಿಯಾಗಿ ನಿರ್ವಹಿಸುತ್ತಾರೆ. ಮಕ್ಕಳ ಶೂ ಮತ್ತು ಸಾಕ್ಸ್ ಖರೀದಿ ಶಾಲಾ ಹಂತದಲ್ಲಿಯೇ ನಡೆಯುವುದರಿಂದ, ಎರಡು ತಿಂಗಳಿಗೆ ಅಡಿ ಕಿತ್ತುಬರುವ ಶೂ ಬೇಡವೆಂದು ಹೇಳಬೇಕಾದ ಜಾಗವೂ ಸಮಿತಿಯ ಸಭೆಯೇ. ಬಿಸಿಯೂಟದ ರುಚಿ, ಶೌಚಾಲಯಕ್ಕೆ ನೀರು, ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರು ಬಂದರೇ ಇಲ್ಲವೇ ಎಂಬ ಪ್ರಶ್ನೆಗಳೂ ಅಲ್ಲಿಗೇ ಬರುತ್ತವೆ. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ ಎಂಬುದನ್ನು ತಾಯಂದಿರು ಹೇಳುವಷ್ಟು ಒತ್ತಿ ಬೇರೆ ಯಾರೂ ಹೇಳಲಾರರು. ಮಹಿಳೆಯರ ಅರ್ಧ ಪಾಲು ಕಾಗದದ ಮೇಲಷ್ಟೇ ಉಳಿಯಬಾರದೆಂದು ನಾವು ಹೇಳುವುದು ಇದಕ್ಕಾಗಿಯೇ.

ನಗರದಲ್ಲಿ ಇನ್ನೊಂದು ಕಾರಣವೂ ಉಂಟು. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಬಳಿಕ ವರ್ಷಗಟ್ಟಲೆ ಚುನಾವಣೆ ನಡೆಯದೆ, ವಾರ್ಡಿನ ಅಹವಾಲು ಹೇಳಿಕೊಳ್ಳಲು ಕಾರ್ಪೊರೇಟರ್ ಇಲ್ಲದ ಸ್ಥಿತಿಯನ್ನು ಬೆಂಗಳೂರು ಕಂಡಿದೆ. ಅಂಥ ಕಾಲದಲ್ಲಿ ಎಸ್‌ಡಿಎಂಸಿಯ ಪೋಷಕ ಸದಸ್ಯರು ಮನೆಗೆ ತೀರ ಹತ್ತಿರದ ಚುನಾಯಿತ ಪ್ರತಿನಿಧಿಗಳಾಗಿಬಿಡುತ್ತಾರೆ.

ಆಯ್ಕೆ ನಡೆಯುವುದು ಪೋಷಕರ ಸಭೆಯಲ್ಲಿ. ಕೂಲಿ ತಪ್ಪುತ್ತದೆ, ಪಾಳಿ ಬಿಡಲಾಗದು ಎಂಬ ಕಾರಣಗಳಿಂದ ಹೊಸಬರು ಬಾರದೆ ಹೋದರೆ, ಬಂದಿದ್ದ ಕೆಲವರೇ "ಅವಿರೋಧ" ಎಂದು ಹೆಸರು ಬರೆಸಿ ಎದ್ದುಬಿಡುವ ಸಂಭವವಿರುತ್ತದೆ. ಅದನ್ನು ದೂರುವುದಕ್ಕಿಂತ ಸಭೆಗೆ ಹೋಗುವುದು ಮೇಲು. ಕೆಲಸದ ಜಾಗ ಬದಲಾದಾಗ ಮೊಬೈಲ್ ನಂಬರ್ ಬದಲಿಸಿದ್ದರೆ ಹೊಸ ನಂಬರನ್ನು ತರಗತಿ ಶಿಕ್ಷಕರಿಗೆ ಕೊಟ್ಟಿರಿ, ಏಕೆಂದರೆ ಸಭೆಯ ಸೂಚನೆ ಸಾಮಾನ್ಯವಾಗಿ ಫೋನಿಗೋ ಮಗುವಿನ ಕೈಯಲ್ಲಿ ಚೀಟಿಯಾಗಿಯೋ ಬರುತ್ತದೆ. ಸದಸ್ಯರಾಗಲು ನೀವೂ ನಿಲ್ಲಬಹುದು, ಹೊಸಬರೆಂಬುದು ಅಡ್ಡಿಯಲ್ಲ.

ದಾಖಲಾತಿಯೇ ಆಧಾರವಾದ್ದರಿಂದ ಅದನ್ನು ಮುಂದೂಡಬೇಡಿ. ಊರಿನ ಶಾಲೆಯಿಂದ ವರ್ಗಾವಣೆ ಪ್ರಮಾಣಪತ್ರ ಬರುವುದು ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲವೆಂದು ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಕಲಂ ಹೇಳುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂದೂ ಹಿಂದಕ್ಕೆ ಕಳುಹಿಸುವಂತಿಲ್ಲ. ಯಾರಾದರೂ ಹಾಗೆ ಕಳುಹಿಸಿದರೆ, ಅಥವಾ ಸಮಿತಿಯ ಅವಧಿ ಮುಗಿದರೂ ಸಭೆ ಕರೆಯದಿದ್ದರೆ, ಕ್ಷೇತ್ರ ಶಿಕ್ಷಣಾಧಿಕಾರಿಯವರ ಕಚೇರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅರ್ಜಿ ಬರೆಯಲು ತೊಡಕಾದವರಿಗೆ ನಮ್ಮ ಸಂಘದ ಸದಸ್ಯರು ಬರೆದುಕೊಟ್ಟು ಕಚೇರಿಯವರೆಗೂ ಜೊತೆಗೆ ಬರುತ್ತಾರೆ.